ಗಾಡಿ ಎಳೀತಿಲ್ಲ

ಹತ್ತು ಹದಿನೈದು ವರ್ಷ ದುಡಿದ ಪಿಕಪ್ ಗಾಡಿಯನ್ನು ಗ್ಯಾರೇಜಿನ ಮುಂದೆ ತಂದು ನಿಲ್ಲಿಸುವ ಡ್ರೈವರ್ ಹೇಳುವುದು ಎರಡೇ ಪದ: ‘ಗಾಡಿ ಎಳೀತಿಲ್ಲ’. ಮೊದಲು ಮೂರನೇ ಗೇರಿನಲ್ಲಿ ಹತ್ತುತ್ತಿದ್ದ ಏರಿಗೆ ಈಗ ಎರಡನೇ ಗೇರು ಬೇಕು, ಅವನಿಗೆ ಗೊತ್ತಿರುವುದು ಅಷ್ಟೇ. ಅಲ್ಲಿಂದ ಮುಂದೆ ಕಾರಣ ಹುಡುಕುವುದು ರಿಪೇರಿಗಿಂತ ಬೇರೆಯದೇ ಕಸುಬು. ಬಿಚ್ಚಿ ಜೋಡಿಸಲು ಕೈ ಪಳಗಿದ್ದರೆ ಸಾಕು; ಎಲ್ಲಿ ಬಿಚ್ಚಬೇಕು, ಏನನ್ನು ಮುಟ್ಟಬಾರದು ಎಂದು ತಿಳಿಯಲು ಕಣ್ಣು, ಕಿವಿ, ತರ್ಕ ಮೂರೂ ಬೇಕು. ಆದರೆ ಗ್ಯಾರೇಜ್ ಬಿಲ್ಲಿನಲ್ಲಿ ಸ್ಪೇರ್ ಪಾರ್ಟಿಗೆ ಒಂದು ಸಾಲು, ಲೇಬರಿಗೆ ಒಂದು ಸಾಲು; ಹುಡುಕಿದ್ದಕ್ಕೆ ಸಾಲೇ ಇರುವುದಿಲ್ಲ. ಒಳ್ಳೆಯ ಇಂಜಿನ್ನುಗಳನ್ನು ಸುಮ್ಮಸುಮ್ಮನೆ ಬಿಚ್ಚುವುದಕ್ಕೆ ಇದೇ ದೊಡ್ಡ ಕಾರಣ ಎಂದು ನಾನು ನಂಬಿದ್ದೇನೆ.

ಬಲ್ಲ ಮೆಕ್ಯಾನಿಕ್ ಬಾನೆಟ್ ಎತ್ತುವ ಮೊದಲು ತಪ್ಪು ಇಂಜಿನ್ನಿನದೇ ಹೌದೇ ಎಂದು ಯೋಚಿಸುತ್ತಾನೆ. ಎಷ್ಟು ಲೋಡು ಹಾಕಿದ್ದರು? ಕೋಲಾರದ ಮಂಡಿಯ ಟೊಮೆಟೊ ಕ್ರೇಟ್ 15 ಕಿಲೋ. ನೂರು ಕ್ರೇಟಿಗೆ ಒಂದೂವರೆ ಟನ್ನು, ನೂರೈವತ್ತಾದರೆ ಎರಡೂಕಾಲು ಟನ್ನು. ಲೋಡು ಸರಿಯಿದ್ದರೆ ನಾಲ್ಕು ಕಿಲೋಮೀಟರ್ ಓಡಿಸಿ ಬಂದು ಒಂದೊಂದು ಚಕ್ರದ ಹತ್ತಿರವೂ ಅಂಗೈ ಹಿಡಿದು ನೋಡುತ್ತಾನೆ. ಒಂದು ಮಾತ್ರ ಕಾದ ಹೆಂಚಿನಂತೆ ಝಳ ಬಿಟ್ಟರೆ ಅಲ್ಲಿ ಬ್ರೇಕ್ ಜಾಮ್ ಆಗಿದೆ. ಇಂಜಿನ್ನಿನ ಕೂಗು ಏರಿದರೂ ವೇಗ ಏರದಿದ್ದರೆ ಕ್ಲಚ್ ಪ್ಲೇಟ್ ಸವೆದಿದೆ. ಪೆಡಲ್ ಪೂರ್ತಿ ತುಳಿದರೂ ಪಂಪಿನ ಲಿವರ್ ಕೊನೆಯ ಸ್ಕ್ರೂವಿಗೆ ತಾಗದಿದ್ದರೆ ಆಕ್ಸಿಲರೇಟರ್ ಕೇಬಲ್ ಸಡಿಲಾಗಿದೆ. ಇವುಗಳಲ್ಲಿ ಯಾವುದಕ್ಕೂ ಇಂಜಿನ್ ಬಿಚ್ಚಬೇಕಿಲ್ಲ.

ಇಷ್ಟೂ ಸರಿಯಿದ್ದರೆ ಹೊಗೆಯನ್ನು ನೋಡಬೇಕು. ಕಪ್ಪು ಹೊಗೆ ಅಂದರೆ ಒಳಗೆ ಬಿದ್ದ ಡೀಸೆಲ್ಲಿಗೆ ತಕ್ಕ ಗಾಳಿ ಸಿಗುತ್ತಿಲ್ಲ: ಏರ್ ಫಿಲ್ಟರ್ ಧೂಳಿನಿಂದ ಕಟ್ಟಿರಬಹುದು, ಟರ್ಬೊ ಹೋಸ್ ಬಿರುಕು ಬಿಟ್ಟಿರಬಹುದು, ನಾಜಲ್ ಸಿಂಪಡಿಸುವ ಬದಲು ತೊಟ್ಟಿಕ್ಕುತ್ತಿರಬಹುದು. ನೀಲಿಯಾದರೆ ಆಯಿಲ್ ಸುಡುತ್ತಿದೆ. ಬಿಳಿಯಾದರೆ ಡೀಸೆಲ್ ಉರಿಯದೆ ಹೊರಬೀಳುತ್ತಿದೆ, ಇಲ್ಲವೇ ನೀರು ಒಳಸೇರಿದೆ. ಇವೆಲ್ಲಕ್ಕಿಂತ ಸ್ಪಷ್ಟ ಸುಳಿವು ಸಿಗುವುದು ಹೊಗೆಯೇ ಕಾಣದಿದ್ದಾಗ. ಪೂರ್ತಿ ತುಳಿದರೂ ಹೊಗೆಯಿಲ್ಲ, ಎಳೆತವೂ ಇಲ್ಲ ಅಂದರೆ ಇಂಜಿನ್ನಿಗೆ ಡೀಸೆಲ್ಲೇ ಸಾಲುತ್ತಿಲ್ಲ. ಡೀಸೆಲ್ ಫಿಲ್ಟರ್ ಕಟ್ಟಿದೆ ಅಥವಾ ಲೈನಿನಲ್ಲಿ ಏರ್ ಹಿಡಿದಿದೆ. ಆದರೆ ಹೊಗೆಯನ್ನು ಊರು ನೋಡಿ ಓದಬೇಕು. ಮಂಗಳೂರಿನ ದಕ್ಕೆಯಲ್ಲಿ ಮೀನು ತುಂಬಿಕೊಂಡು ಶಿರಾಡಿ ಹತ್ತಿದ ಗಾಡಿ ಸಕಲೇಶಪುರ ಮುಟ್ಟುವಷ್ಟರಲ್ಲಿ ಸುಮಾರು 900 ಮೀಟರ್ ಮೇಲೆ ಬಂದಿರುತ್ತದೆ. ಅಲ್ಲಿ ಗಾಳಿಯ ಒತ್ತಡ ಕಡಲತೀರಕ್ಕಿಂತ ಸುಮಾರು ಹತ್ತರಲ್ಲೊಂದು ಪಾಲು ಕಡಿಮೆ. ಟರ್ಬೊ ಇಲ್ಲದ ಹಳೆಯ ಇಂಜಿನ್ನಿನ ಪಂಪಿಗೆ ಇದು ತಿಳಿಯದು, ಕೆಳಗೆ ತಳ್ಳಿದಷ್ಟೇ ಡೀಸೆಲ್ಲನ್ನು ಮೇಲೂ ತಳ್ಳುತ್ತದೆ. ಘಟ್ಟದ ತಲೆಯಲ್ಲಿ ಒಂದಿಷ್ಟು ಕಪ್ಪು, ಒಂದಿಷ್ಟು ಸುಸ್ತು ಸಹಜ. ಅದನ್ನೇ ರೋಗವೆಂದು ಪಂಪಿಗೆ ಕೈಹಾಕುವುದು ತಪ್ಪು.

‘ಗಾಡಿಗೆ ವಯಸ್ಸಾಯಿತು, ಶಕ್ತಿ ಕುಂದದೆ ಇನ್ನೇನು’ ಎನ್ನುವವರಿದ್ದಾರೆ. ಸವಕಳಿ ಸುಳ್ಳಲ್ಲ. ಆದರೆ ರಿಂಗು, ಬೋರು ಸವೆಯುವುದು ವರ್ಷಗಟ್ಟಲೆ. ಕಳೆದ ವಾರ ಚೆನ್ನಾಗಿ ಎಳೆಯುತ್ತಿದ್ದ ಗಾಡಿ ಈ ವಾರ ಏದುಸಿರು ಬಿಟ್ಟರೆ ಅದನ್ನು ವಯಸ್ಸಿನ ತಲೆಗೆ ಕಟ್ಟಲಾಗದು. ಸವಕಳಿಗೆ ಅದರದೇ ಸಾಕ್ಷಿಗಳೂ ಇವೆ. ಡೀಸೆಲ್ ಇಂಜಿನ್ನಿಗೆ ಕಿಡಿ ಹಚ್ಚುವ ಪ್ಲಗ್ ಇಲ್ಲ. ಗಾಳಿಯನ್ನು ಸುಮಾರು ಹದಿನೆಂಟರಲ್ಲೊಂದು ಪಾಲಿಗೆ ಅದುಮಿದಾಗ ಹುಟ್ಟುವ ಕಾವಿಗೇ ಡೀಸೆಲ್ ಹೊತ್ತಿಕೊಳ್ಳುತ್ತದೆ. ಕಂಪ್ರೆಶನ್ ಸೋರಿದರೆ ಆ ಕಾವು ಹುಟ್ಟದು. ಹಾಗಾಗಿ ಚಳಿಯ ಬೆಳಗಿನಲ್ಲೂ ಒಂದೇ ಸೆಲ್ಫಿಗೆ ಸ್ಟಾರ್ಟ್ ಆಗುವ, ಆಯಿಲ್ ಮುಚ್ಚಳ ತೆಗೆದರೆ ಬುಸುಬುಸು ಹೊಗೆ ಕಾರದ ಇಂಜಿನ್ನಿಗೆ ಬೋರ್ ಕೆಲಸ ಹೇಳುವುದು ಅನ್ಯಾಯ.

ಸ್ಕ್ಯಾನರ್ ಇರುವಾಗ ಇದೆಲ್ಲ ಏಕೆ ಎಂಬ ಆಕ್ಷೇಪಕ್ಕೆ ಇನ್ನೂ ಹೆಚ್ಚು ತೂಕವಿದೆ. ಸೆನ್ಸರ್ ಇರುವ ಹೊಸ ಕಾಮನ್ ರೈಲ್ ಗಾಡಿಗಳಿಗೆ ಅದು ಬೇಕೇ ಬೇಕು. ಹಳೆಯ ಪಂಪಿನ ಇಂಜಿನ್ನಿನಲ್ಲಿ ನಾಜಲ್ ಪೈಪಿನ ನಟ್ಟುಗಳನ್ನು ಒಂದೊಂದಾಗಿ ಸಡಿಲಿಸಿ, ಯಾವುದನ್ನು ಸಡಿಲಿಸಿದಾಗ ಇಂಜಿನ್ನಿನ ಸದ್ದು ಬದಲಾಗದೋ ಆ ಸಿಲಿಂಡರ್ ಸೋತಿದೆ ಎಂದು ಹಿಡಿಯುತ್ತಾರೆ. ಕಾಮನ್ ರೈಲಿನಲ್ಲಿ ಇದನ್ನು ಮಾಡಲೇಕೂಡದು. ಸಾವಿರ ಬಾರ್ ಮೀರುವ ಒತ್ತಡದಲ್ಲಿ ಚಿಮ್ಮುವ ಡೀಸೆಲ್ ಚರ್ಮ ತೂರಿ ಒಳಹೋಗುತ್ತದೆ. ಆದರೆ ಸೆನ್ಸರೇ ಇಲ್ಲದ ಹಳೆಯ ಟಾಟಾ 207ರಂಥ ಗಾಡಿಯಲ್ಲಿ ಸ್ಕ್ಯಾನರ್ ಚುಚ್ಚುವುದೆಲ್ಲಿಗೆ? ಸೆನ್ಸರ್ ಇರುವ ಗಾಡಿಯಲ್ಲೂ ರೈಲ್ ಒತ್ತಡ ಕಡಿಮೆ ಎಂದು ಬರುವ ಕೋಡ್ ಲಕ್ಷಣವಷ್ಟೇ. ಕಾರಣ ಪಂಪೂ ಇರಬಹುದು, ಕಟ್ಟಿದ ಫಿಲ್ಟರೂ ಇರಬಹುದು.

ಅರ್ಧ ಗಂಟೆ ಚೆನ್ನಾಗಿ ಓಡಿ, ಆಮೇಲೆ ಸೊರಗಿ, ಸ್ವಲ್ಪ ಹೊತ್ತು ನಿಲ್ಲಿಸಿದರೆ ಮತ್ತೆ ಸರಿಹೋಗುವ ಗಾಡಿಯನ್ನು ನೋಡಿ. ಪಂಪ್ ಹೋಗಿದೆ ಎಂದುಬಿಡುವುದು ಸುಲಭ. ಆದರೆ ಟ್ಯಾಂಕಿನ ಮುಚ್ಚಳದಲ್ಲಿರುವ ಗಾಳಿಯ ತೂತು ಮಣ್ಣಿನಿಂದ ಮುಚ್ಚಿಹೋದರೂ ಹೀಗೇ ಆಗುತ್ತದೆ. ಡೀಸೆಲ್ ಖರ್ಚಾದ ಜಾಗಕ್ಕೆ ಗಾಳಿ ಬರದೆ ಒಳಗೆ ಸೆಳೆತ ಬೆಳೆದು ಡೀಸೆಲ್ಲನ್ನು ತಡೆಹಿಡಿಯುತ್ತದೆ. ಸೊರಗಿದ ಹೊತ್ತಿಗೇ ಮುಚ್ಚಳ ತಿರುಗಿಸಿದರೆ ಸುಯ್ಯೆಂದು ಗಾಳಿ ಒಳನುಗ್ಗುವುದು ಕೇಳುತ್ತದೆ. ತೆಳ್ಳನೆ ತಂತಿಯಿಂದ ತೂತು ಬಿಡಿಸಿದರೆ ಕೆಲಸ ಮುಗಿಯಿತು. ಹೊಸದೇನೂ ಹಾಕದೆ ದುಡ್ಡೇಕೆ ಎಂದು ಮಾಲೀಕ ಕೇಳುತ್ತಾನೆ, ಮೆಕ್ಯಾನಿಕ್ಕಿಗೆ ಚಹಾದ ಕಾಸು ಸಿಗುತ್ತದೆ. ಅದೇ ಗಾಡಿಯ ಪಂಪ್ ಕಳಚಿದವನ ಬಿಲ್ಲು ಸಾವಿರಗಟ್ಟಲೆ. ಮಾತ್ರೆ ಬೇಡ ಎಂದು ಹೇಳಿ ಕಳಿಸಿದ ಡಾಕ್ಟರಿಗೂ ನಾವು ಫೀಸು ಕೊಡುತ್ತೇವೆ. ಗಾಡಿ ಬಿಡುವಾಗಲೇ ನೋಡುವುದಕ್ಕೆ ಇಷ್ಟು ಎಂದು ಮಾತಾಗಲಿ. ಏನೇನು ನೋಡಿದೆ, ಏನು ಕಂಡಿತು ಎಂದು ಮೆಕ್ಯಾನಿಕ್ ಚೀಟಿಯಲ್ಲಿ ಬರೆದುಕೊಡಲಿ.