ಇಂಗ್ಲಿಷ್ ಕಲಿಯಲು ಯುರೋಪಿನವರು ಮಾಲ್ಟಾಕ್ಕೆ ಹೋಗುವುದೇಕೆ?

ಮೆಡಿಟರೇನಿಯನ್ ಸಮುದ್ರದಲ್ಲಿ ಸಿಸಿಲಿಯ ದಕ್ಷಿಣಕ್ಕಿರುವ ಮಾಲ್ಟಾ ಕೇವಲ 316 ಚದರ ಕಿ.ಮೀ. ವಿಸ್ತೀರ್ಣದ ದ್ವೀಪರಾಷ್ಟ್ರ. 19ನೆಯ ಶತಮಾನದ ಆರಂಭದಿಂದ 1964ರವರೆಗೆ ಅದು ಬ್ರಿಟಿಷರ ಆಳ್ವಿಕೆಯಲ್ಲಿತ್ತು. 1934ರಲ್ಲಿ ಇಟಾಲಿಯನ್ ಭಾಷೆ ಅಲ್ಲಿ ಅಧಿಕೃತ ಸ್ಥಾನ ಕಳೆದುಕೊಂಡಿತು. ಅಂದಿನಿಂದ ಮಾಲ್ಟೀಸ್ ಮತ್ತು ಇಂಗ್ಲಿಷ್ ಅಲ್ಲಿನ ಅಧಿಕೃತ ಭಾಷೆಗಳು. ಮನೆಮಾತು ಅರಬ್ಬಿ ಮೂಲದ ಮಾಲ್ಟೀಸ್ ಆದರೂ ಅಂಗಡಿ, ಬಸ್ಸು, ಬ್ಯಾಂಕುಗಳಲ್ಲಿ ಇಂಗ್ಲಿಷಿನಲ್ಲೇ ವ್ಯವಹರಿಸಬಹುದು.

ಭಾಷಾ ಶಾಲೆಗಳು ಹೆಚ್ಚಾಗಿ ಸ್ಲೀಮಾ ಮತ್ತು ಸೇಂಟ್ ಜೂಲಿಯನ್ಸ್ ಎಂಬ ಕಡಲತೀರದ ಊರುಗಳಲ್ಲಿವೆ. ಇವುಗಳಿಗೆ ಸರ್ಕಾರದ ಪರವಾನಗಿ ಬೇಕು. ಮೊದಲು ಒಂದು ಪರೀಕ್ಷೆ ನಡೆಸಿ, ಎ1ರಿಂದ ಸಿ2ವರೆಗಿನ ಯುರೋಪಿನ ಭಾಷಾ ಮಟ್ಟಗಳಿಗೆ ಅನುಗುಣವಾಗಿ ವಿದ್ಯಾರ್ಥಿಗಳನ್ನು ತರಗತಿಗಳಿಗೆ ಹಂಚುತ್ತಾರೆ. ಒಂದೆರಡು ವಾರಗಳಿಂದ ಹಲವು ತಿಂಗಳವರೆಗಿನ ಕೋರ್ಸುಗಳಿವೆ. ಸ್ಥಳೀಯ ಕುಟುಂಬದೊಂದಿಗೆ ತಂಗಿದರೆ ಊಟದ ಹೊತ್ತಿನಲ್ಲೂ ಮಾತಿನ ಅಭ್ಯಾಸವಾಗುತ್ತದೆ.

ಪಾಠದ ಬಳಿಕ ನೋಡಲು ಬೇಕಾದಷ್ಟಿದೆ: ವಿಶ್ವ ಪರಂಪರೆಯ ಪಟ್ಟಿಯಲ್ಲಿರುವ ರಾಜಧಾನಿ ವಲೆಟ್ಟಾ, ಗೋಜೋ ದ್ವೀಪದ ಪ್ರಾಚೀನ ಶಿಲಾ ದೇಗುಲಗಳು, ಕೊಮಿನೋ ದ್ವೀಪದ ತಿಳಿನೀಲಿ ಕಡಲು. ಬೇಸಿಗೆಯಲ್ಲಿ ಮಾತ್ರ ಜನಸಂದಣಿ ಹೆಚ್ಚು, ಬಾಡಿಗೆಯೂ ದುಬಾರಿ.

ಮಾಲ್ಟಾ ಯುರೋಪಿನ ಸಮಾನ ವೀಸಾ ನಿಯಮಗಳ ಷೆಂಗೆನ್ ವಲಯಕ್ಕೆ ಸೇರಿರುವುದರಿಂದ ಭಾರತೀಯರಿಗೆ ವೀಸಾ ಕಡ್ಡಾಯ. 90 ದಿನ ಮೀರುವ ವ್ಯಾಸಂಗಕ್ಕೆ ಬೇರೆ ಬಗೆಯ ವೀಸಾ ಬೇಕು. ಆದರೆ ವೀಸಾ ಪಡೆದು ಅಲ್ಲಿಗೆ ಹೋದರೂ ಸ್ವದೇಶದವರ ಗುಂಪಿನಲ್ಲೇ ಉಳಿಯುವವರಿಗೆ ಯಾವ ದ್ವೀಪವೂ ಭಾಷೆ ಕಲಿಸಲಾರದು. ಹಣ ಕಟ್ಟುವ ಮೊದಲು ಶಾಲೆಯ ಪರವಾನಗಿಯನ್ನು ಖಚಿತಪಡಿಸಿಕೊಳ್ಳಬೇಕು.