ಕೆಜಿಎಫ್ ಬೇಡವೆಂದ ತ್ಯಾಜ್ಯ ಎಲ್ಲಿಗೆ?

2012ರ ನವೆಂಬರಿನಲ್ಲಿ ಕೆಜಿಎಫ್ ಜನ ಬೀದಿಗಿಳಿದರು. ಕೂಡಂಕುಳಂ ಅಣುವಿದ್ಯುತ್ ಸ್ಥಾವರದ ತ್ಯಾಜ್ಯವನ್ನು ಕೋಲಾರದ ಪಾಳುಬಿದ್ದ ಚಿನ್ನದ ಗಣಿಯಲ್ಲಿ ಹೂಳುತ್ತಾರೆ ಎಂಬ ಮಾತು ಸುಪ್ರೀಂ ಕೋರ್ಟಿನ ವಿಚಾರಣೆಯಿಂದ ಹೊರಬಿದ್ದಿತ್ತು. ಅಂಥ ಪ್ರಸ್ತಾವವೇ ಇಲ್ಲವೆಂದು ಕೊನೆಗೆ ಕೇಂದ್ರ ಸರ್ಕಾರ ಹೇಳಬೇಕಾಯಿತು.

ಆ ಸಿಟ್ಟನ್ನು ಅಜ್ಞಾನವೆಂದು ತಳ್ಳಿಹಾಕಲು ನನ್ನ ಮನಸ್ಸು ಒಪ್ಪುವುದಿಲ್ಲ. 2001ರಲ್ಲಿ ಗಣಿ ಮುಚ್ಚಿತು, ಸೈನೈಡ್ ದಿಬ್ಬಗಳು ಊರಿನಲ್ಲೇ ಉಳಿದವು. ಗಾಳಿ ಬೀಸಿದಾಗ ಅವುಗಳ ದೂಳನ್ನು ಉಸಿರಾಡುವವರು ಅಲ್ಲಿನ ಜನರೇ. ಒಂದು ಉದ್ಯಮ ಬಿಟ್ಟುಹೋದ ಕಸದ ಜೊತೆ ಬದುಕುತ್ತಿರುವವರಿಗೆ ಇನ್ನೊಂದು ಉದ್ಯಮದ ಕಸದ ಬಗ್ಗೆ ಯಾರೂ ಪಾಠ ಹೇಳಬೇಕಿಲ್ಲ. ಗಣಿಯಾದರೂ ಅದಕ್ಕೆ ತಕ್ಕ ಜಾಗವೇ? ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿದ ಆ ಸುರಂಗಗಳು ಬಂಡೆ ಸಿಡಿತಕ್ಕೆ ಕುಖ್ಯಾತ. ಪಂಪು ನಿಂತ ಮೇಲೆ ನೀರೂ ತುಂಬಿಕೊಂಡಿತು. ಆದರೆ ಜನರ ಅನುಮಾನ ಬರೀ ಗಾಳಿಮಾತಿನಿಂದ ಹುಟ್ಟಿದ್ದಲ್ಲ. 1980ರ ದಶಕದಲ್ಲಿ ಭಾಭಾ ಅಣು ಸಂಶೋಧನಾ ಕೇಂದ್ರದ ವಿಜ್ಞಾನಿಗಳು ಇದೇ ಗಣಿಯ ಬಳಕೆ ತಪ್ಪಿದ ಭಾಗದಲ್ಲಿ, ಸುಮಾರು 1000 ಮೀಟರ್ ಆಳದಲ್ಲಿ, ಬಂಡೆಯನ್ನು ಕಾಯಿಸಿ, ಹೂಳುವ ತ್ಯಾಜ್ಯದ ಶಾಖವನ್ನು ಅದು ತಾಳುವ ಬಗೆಯನ್ನು ವರ್ಷಗಟ್ಟಲೆ ಅಳೆದಿದ್ದರು.

ಹೂಳಬೇಕಾದ ವಸ್ತು ಯಾವುದು ಎಂಬುದನ್ನೂ ನೋಡಬೇಕು. ನಮ್ಮ ರಾಜ್ಯದ ಕೈಗಾ ಅಣುವಿದ್ಯುತ್ ಸ್ಥಾವರದ ನಾಲ್ಕು ಘಟಕಗಳಲ್ಲಿ ಬಳಕೆಯಾಗುವುದು ಸಹಜ ಯುರೇನಿಯಂ. ರಿಯಾಕ್ಟರಿನಿಂದ ಹೊರತೆಗೆದ ಇಂಧನದಲ್ಲಿ ಶೇ 98ಕ್ಕೂ ಹೆಚ್ಚು ಪಾಲು ಯುರೇನಿಯಮ್ಮೇ ಇರುತ್ತದೆ, ಜೊತೆಗೆ ಚೂರು ಪ್ಲುಟೋನಿಯಂ. ಬೂದಿ ಕೆದಕಿ ಇದ್ದಿಲು ಆರಿಸಿ ಮತ್ತೆ ಒಲೆಗೆ ಹಾಕುವ ಹಾಗೆ, ಇವೆರಡನ್ನೂ ಬೇರ್ಪಡಿಸಿ ಮುಂದಿನ ರಿಯಾಕ್ಟರುಗಳಿಗೆ ಉಣಿಸಬೇಕೆಂಬುದು ಹೋಮಿ ಭಾಭಾ ಹಾಕಿಕೊಟ್ಟ ಮೂರು ಹಂತದ ಯೋಜನೆ. ಟ್ರಾಂಬೆಯಲ್ಲಿ 1964ರಲ್ಲೇ ಈ ಮರುಸಂಸ್ಕರಣೆ ಶುರುವಾಯಿತು. ಆಮೇಲೆ ತಾರಾಪುರ, ಕಲ್ಪಾಕ್ಕಂ. ಕೊನೆಗೆ ಉಳಿಯುವ ತೀವ್ರ ವಿಕಿರಣದ ದ್ರವವನ್ನು ಬೋರೋಸಿಲಿಕೇಟ್ ಗಾಜಿನೊಳಗೆ ಕರಗಿಸಿ, ಸ್ಟೀಲ್ ಡಬ್ಬಿಗೆ ಹೊಯ್ದು, ದಶಕಗಳ ಕಾಲ ತಣಿಯಲು ಬಿಡುತ್ತಾರೆ. ಆ ದ್ರವದಿಂದ ಸೀಸಿಯಂ ತೆಗೆದು ಆಸ್ಪತ್ರೆಯ ರಕ್ತ ಸಂಸ್ಕರಣೆಗೆ ಬಳಸುವುದನ್ನೂ ನಮ್ಮ ವಿಜ್ಞಾನಿಗಳು ಸಾಧಿಸಿದ್ದಾರೆ. ಮೆಚ್ಚಬೇಕಾದ ಕೆಲಸ.

ಹೀಗೆ ಉಳಿಯುವ ತ್ಯಾಜ್ಯ ಕಡಿಮೆ, ಅದನ್ನು ನೆಲದಾಳದಲ್ಲಿ ಹೂಳಿಡುವ ಭಂಡಾರ ಸದ್ಯಕ್ಕೆ ಬೇಕಿಲ್ಲ ಎಂಬುದು ಪರಮಾಣು ಇಂಧನ ಇಲಾಖೆಯ ವಾದ. ಕಡಿಮೆ ನಿಜ, ಆದರೆ ಸೊನ್ನೆಯಲ್ಲ. ಆ ಗಾಜಿನಲ್ಲಿ ಸಾವಿರಾರು ವರ್ಷ ವಿಕಿರಣ ಸೂಸುವ ಧಾತುಗಳು ಉಳಿದೇ ಇರುತ್ತವೆ. ಬೇರ್ಪಡಿಸಿದ ಮೇಲೂ ಚೂರುಪಾರು ಉಳಿಯುವ ಪ್ಲುಟೋನಿಯಂ-239 ಅರ್ಧದಷ್ಟಾಗಲು 24 ಸಾವಿರ ವರ್ಷ ಬೇಕು. 2013ರ ಮೇ 6ರ ತೀರ್ಪಿನಲ್ಲಿ ಕೂಡಂಕುಳಂಗೆ ಒಪ್ಪಿಗೆ ಕೊಟ್ಟ ಸುಪ್ರೀಂ ಕೋರ್ಟ್, ಆಳದ ಶಾಶ್ವತ ಭಂಡಾರಕ್ಕೆ ಆದಷ್ಟು ಬೇಗ ಕ್ರಮ ಕೈಗೊಳ್ಳಿ ಎಂದೂ ಹೇಳಿತ್ತು. ಅತ್ತ 2047ರೊಳಗೆ ಅಣುವಿದ್ಯುತ್ತನ್ನು 100 ಗಿಗಾವಾಟಿಗೆ ಏರಿಸುವ ಗುರಿಯನ್ನು 2025ರ ಬಜೆಟ್ ಘೋಷಿಸಿದೆ.

ಫಿನ್ಲೆಂಡ್ ಇಂಥ ಭಂಡಾರಕ್ಕೆ 1983ರಲ್ಲೇ ವೇಳಾಪಟ್ಟಿ ಹಾಕಿಕೊಂಡಿತು. ಹಲವು ಕಡೆ ಬಂಡೆ ಕೊರೆದು ಪರೀಕ್ಷಿಸಿ, ಕೊನೆಗೆ ಯುರಾಯೋಕಿ ಎಂಬ ಊರಿನ ಓಲ್ಕಿಲುವೊಟೊ ದ್ವೀಪವನ್ನು ಆರಿಸಿತು. ಅಲ್ಲಿ ಮರುಸಂಸ್ಕರಣೆ ಇಲ್ಲ. ಉರಿದ ಇಂಧನವನ್ನೇ ತಾಮ್ರದ ಕೊಳವೆಗಳಲ್ಲಿ ತುಂಬಿ, ಸುತ್ತ ಬೆಂಟೊನೈಟ್ ಜೇಡಿಮಣ್ಣು ಮೆತ್ತಿ, 400 ಮೀಟರಿಗೂ ಕೆಳಗೆ ಇಡುವ ಏರ್ಪಾಡು. ನನಗೆ ಮುಖ್ಯವೆನಿಸುವುದು ತಾಮ್ರವಲ್ಲ, ಕಾನೂನು. ಊರಿನ ಪುರಸಭೆ ಬೇಡವೆಂದಿದ್ದರೆ ಯೋಜನೆ ಅಲ್ಲಿಗೇ ನಿಲ್ಲುತ್ತಿತ್ತು. ಪುರಸಭೆ 2000ದಲ್ಲಿ ಒಪ್ಪಿತು, ಮರುವರ್ಷ ಸಂಸತ್ತು ಒಪ್ಪಿತು. ಅಮೆರಿಕ ಹಾಗೆ ಮಾಡಲಿಲ್ಲ. 1987ರಲ್ಲಿ ಅಲ್ಲಿನ ಸಂಸತ್ತು ಯುಕ್ಕಾ ಬೆಟ್ಟದ ಭಂಡಾರವನ್ನು ನೆವಾಡಾ ರಾಜ್ಯದ ಮೇಲೆ ಹೇರಿತು; ರಾಜ್ಯ ಪಟ್ಟುಹಿಡಿದು ವಿರೋಧಿಸಿತು, ಕೋಟ್ಯಂತರ ಡಾಲರ್ ಸುರಿದ ಮೇಲೂ ಅಲ್ಲಿ ಭಂಡಾರ ಬರಲಿಲ್ಲ.

ಗಟ್ಟಿ ಬಂಡೆ ಭಾರತದಲ್ಲಿ ಬೇಕಾದಷ್ಟಿದೆ. ಆದರೆ ಊರು ಬೇಡವೆಂದರೆ ಭಂಡಾರವನ್ನು ನಿಲ್ಲಿಸುವ ಫಿನ್ಲೆಂಡಿನಂಥ ಕಾನೂನು ಇಲ್ಲ. ಕೈಗಾದಲ್ಲಿ 700 ಮೆಗಾವಾಟಿನ ಇನ್ನೆರಡು ಘಟಕಗಳು ಬರಲಿವೆ. ಅವು ವಿದ್ಯುತ್ ಕೊಡುವ ಮೊದಲೇ ಭಂಡಾರದ ಜಾಗ ಆರಿಸಲು ಯಾವ ಮಾನದಂಡ, ಯಾವ ಜಿಲ್ಲೆಗಳ ಬಂಡೆ ಪರೀಕ್ಷೆಯಾಗಿದೆ ಎಂಬುದನ್ನು ಇಲಾಖೆ ಕನ್ನಡದಲ್ಲೂ ಪ್ರಕಟಿಸಲಿ. ಗ್ರಾಮಸಭೆಗೆ ಬೇಡವೆನ್ನುವ ಹಕ್ಕನ್ನು ಸಂಸತ್ತು ಕಾಯ್ದೆಯಲ್ಲೇ ಬರೆಯಲಿ. ನಿಮ್ಮ ಸಂಸದರು ಮುಂದಿನ ಸಲ ಎದುರಾದಾಗ ಈ ಎರಡನ್ನೂ ಕೇಳಿ.