ಲಂಡನ್ ಬೂಟಿಗೆ ಡಬ್ಲಿನ್‌ನಲ್ಲಿ ಸುಂಕ

ಲಂಡನ್ನಿನ ಅಂಗಡಿಯಿಂದ ಆನ್‌ಲೈನ್‌ನಲ್ಲಿ ಬೂಟು ತರಿಸಿಕೊಳ್ಳುವುದು ಡಬ್ಲಿನ್ನಿನವರಿಗೆ ಪಕ್ಕದ ಬೀದಿಯಲ್ಲಿ ಕೊಂಡಷ್ಟೇ ಸಲೀಸಾಗಿತ್ತು. 2021ರ ಜನವರಿ 1ಕ್ಕೆ ಆ ಕಾಲ ಮುಗಿಯಿತು. ಬ್ರಿಟನ್ ಯುರೋಪಿಯನ್ ಒಕ್ಕೂಟದ ಸುಂಕ ವ್ಯವಸ್ಥೆಯಿಂದ ಹೊರಬಿತ್ತು, ಐರ್ಲೆಂಡ್ ಒಳಗೇ ಉಳಿಯಿತು.

ಅದೇ ವರ್ಷದ ಜುಲೈ 1ರಂದು, 22 ಯೂರೋವರೆಗಿನ ಪಾರ್ಸೆಲ್‌ಗಳಿಗಿದ್ದ ವ್ಯಾಟ್ ವಿನಾಯಿತಿಯನ್ನೂ ಒಕ್ಕೂಟ ತೆಗೆದುಹಾಕಿತು. 100 ಯೂರೋ ಬೂಟಿಗೆ ಐರ್ಲೆಂಡಿನ ವ್ಯಾಟ್ ಶೇ 23, ಅಂದರೆ 23 ಯೂರೋ. ಸಾಗಣೆ ವೆಚ್ಚದ ಮೇಲೂ ಅದು ಬೀಳುತ್ತದೆ. ಅಂಗಡಿಯವರು ಬಿಲ್ಲಿನಲ್ಲೇ ವಸೂಲಿ ಮಾಡಿ ಕಟ್ಟಿದ್ದರೆ ಸರಿ. ಇಲ್ಲವಾದರೆ ತೆರಿಗೆಯ ಜೊತೆ ನಿರ್ವಹಣಾ ಶುಲ್ಕವನ್ನೂ ತೆತ್ತ ಮೇಲಷ್ಟೇ ಪಾರ್ಸೆಲ್ ಕೈಗೆ ಸಿಗುತ್ತದೆ.

ಗ್ರಾಹಕರನ್ನು ಹೆಚ್ಚು ಕಂಗೆಡಿಸುವುದು ಮೂಲದ ನಿಯಮ. ಬ್ರಿಟನ್ನಿಗೂ ಒಕ್ಕೂಟಕ್ಕೂ ಸುಂಕರಹಿತ ವ್ಯಾಪಾರದ ಒಪ್ಪಂದವಿದೆ, ನಿಜ. ಆದರೆ ಬ್ರಿಟನ್ನಿನಲ್ಲೇ ತಯಾರಾದದ್ದೆಂದು ಲೆಕ್ಕಕ್ಕೆ ಬರುವ ಸರಕಿಗೆ ಮಾತ್ರ ಅದರ ಲಾಭ. ಚೀನಾದಲ್ಲಿ ಹೊಲಿದ 200 ಯೂರೋ ಬೂಟು ಲಂಡನ್ನಿನಿಂದ ಬಂದರೂ ಸುಂಕ ತಪ್ಪದು. ಸುಂಕ ಸೇರಿದ ಮೊತ್ತದ ಮೇಲೆ ಮತ್ತೆ ವ್ಯಾಟ್! ಬೆಲೆಪಟ್ಟಿಯಲ್ಲಿ ಇದನ್ನು ಮೊದಲೇ ತೋರಿಸದ ಅಂಗಡಿಗಳದು ಅನ್ಯಾಯವೇ ಸರಿ.

ಪುಸ್ತಕ, ಮಕ್ಕಳ ಬಟ್ಟೆ-ಬೂಟುಗಳಿಗೆ ವ್ಯಾಟ್ ಸೊನ್ನೆ. ಗಡಿಯ ಈ ತೊಡಕು ತಪ್ಪಿಸಬಯಸುವವರಿಗೆ ಇನ್ನೊಂದು ದಾರಿಯೂ ಇದೆ: 2025ರ ಮಾರ್ಚ್‌ನಲ್ಲಿ ಅಮೆಜಾನ್ ಐರ್ಲೆಂಡಿಗೆಂದೇ ಪ್ರತ್ಯೇಕ ಜಾಲತಾಣ ತೆರೆಯಿತು.

ಐರ್ಲೆಂಡಿನಲ್ಲಿರುವ ಮಕ್ಕಳಿಗೆ ಕರ್ನಾಟಕದಿಂದ ಉಡುಗೊರೆ ಕಳಿಸುವವರು ಗಮನಿಸಬೇಕು: ಉಡುಗೊರೆಗೆ ವ್ಯಾಟ್, ಸುಂಕದ ವಿನಾಯಿತಿ ಇರುವುದು 45 ಯೂರೋವರೆಗೆ. ಪೊಟ್ಟಣದ ಮೇಲೆ ವಸ್ತುವಿನ ಹೆಸರು, ಬೆಲೆ ಎರಡನ್ನೂ ಸರಿಯಾಗಿ ಬರೆಯಿರಿ.